ಕಾಸರಗೋಡಿನ ಕನ್ನಡ ಮನೆಯಲ್ಲಿ ಒಂದು ದಿನದ ಅಡುಗೆ

ಕಾಸರಗೋಡಿನ ಕನ್ನಡಿಗರು ಮನೆಯಲ್ಲಿ ಉಣ್ಣುವುದು ಕೇರಳದ ಊಟವನ್ನೋ ಕರ್ನಾಟಕದ ಊಟವನ್ನೋ ಎಂದು ನೀವು ಕೇಳಿದ್ದೀರಿ. ನಮ್ಮ ಅಡುಗೆ ನಡೆಯುವುದು ಹಿತ್ತಿಲನ್ನೂ ಮಳೆಗಾಲವನ್ನೂ ನೋಡಿಕೊಂಡು. ರಾಜ್ಯದ ಗಡಿ ಎದುರಾಗುವುದು ಅಂಗಡಿಗೆ ಹೊರಟಾಗ ಮಾತ್ರ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ತನಕ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಹಾಗಾಗಿ ಬದಿಯಡ್ಕ, ನೀರ್ಚಾಲು, ಪೆರ್ಲದ ಒಲೆಗಳ ಮೇಲೆ ಇಂದಿಗೂ ಬೇಯುವುದು ಗಡಿಯಾಚೆ ಕರ್ನಾಟಕದ ವಿಟ್ಲ, ಪುತ್ತೂರುಗಳಲ್ಲಿ ಬೇಯುವುದೇ. ನಾನು ಬರೆಯುತ್ತಿರುವುದು ಸಸ್ಯಾಹಾರಿಗಳಾದ ಹವ್ಯಕರ ಮನೆಯ ಕ್ರಮ. ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಬದಿಯ ಅನೇಕ ಮನೆಗಳಲ್ಲಿ ಬೂತಾಯಿಯೋ ಬಂಗುಡೆಯೋ, ಅಂತೂ ಮೀನಿಲ್ಲದ ಮಧ್ಯಾಹ್ನ ಅಪರೂಪ.

ಬೆಳಗ್ಗೆ ಸಾಮಾನ್ಯವಾಗಿ ತೆಳ್ಳವು, ಅಂದರೆ ನೀವು ನೀರುದೋಸೆ ಎನ್ನುವುದು. ರಾತ್ರಿ ನೆನೆಹಾಕಿದ ಬೆಳ್ತಿಗೆ ಅಕ್ಕಿಯನ್ನು (ಕುಚ್ಚದ ಬಿಳಿ ಅಕ್ಕಿ) ನುಣ್ಣಗೆ ರುಬ್ಬಿ, ನೀರಾಗಿ ಕಲಸಿ, ಕಾದ ಕಾವಲಿಗೆ ಎರೆದರೆ ಆಯಿತು. ಹಿಟ್ಟು ಹುಳಿ ಬರುವುದನ್ನು ಕಾಯಬೇಕಾಗಿಲ್ಲ. ಹಿತ್ತಿಲಲ್ಲಿ ಸೌತೆಕಾಯಿ ಹೆಚ್ಚಾಗಿದ್ದರೆ ಅದೇ ಅಕ್ಕಿಯೊಂದಿಗೆ ಸೌತೆಕಾಯಿಯೂ, ಬೇಸಗೆಯಲ್ಲಿ ಹಲಸಿನಕಾಯಿಯ ಸೊಳೆಯೂ (ತೊಳೆ) ರುಬ್ಬುವುದಕ್ಕೆ ಸೇರುತ್ತದೆ. ಜೊತೆಗೆ ತೆಂಗಿನಕಾಯಿ ತುರಿ ಮತ್ತು ಬೆಲ್ಲ, ಇಲ್ಲವೇ ಚಟ್ನಿ.

ತಿಂಡಿ ಮುಗಿಯುವ ಹೊತ್ತಿಗೆ ಕುಚ್ಚಲಕ್ಕಿ ಒಲೆಗೆ ಏರಿರಬೇಕು, ಏಕೆಂದರೆ ಅದು ಬೇಯಲು ಬೆಳ್ತಿಗೆ ಅಕ್ಕಿಗಿಂತ ಬಹಳ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ತೋಟವಿರುವ ಮನೆಗಳಲ್ಲಿ ಗ್ಯಾಸ್ ಇದ್ದರೂ ಈ ಒಂದು ಕೆಲಸಕ್ಕೆ ತೆಂಗಿನ ಮಡಲು, ಸಿಪ್ಪೆ ಉರಿಸುವ ಒಲೆಯನ್ನು ಉಳಿಸಿಕೊಂಡಿದ್ದಾರೆ. ಅನ್ನ ಬೇಯುತ್ತಿರುವಾಗ ಕೊದಿಲಿನ ಕೆಲಸ. ಕೊದಿಲು ಬೇಳೆ, ತರಕಾರಿ, ಹುರಿದು ರುಬ್ಬಿದ ಮಸಾಲೆ ಸೇರಿದ ಹುಳಿ. ಒಣಮೆಣಸು, ಕೊತ್ತಂಬರಿ, ಉದ್ದಿನಬೇಳೆ, ಒಂದಿಷ್ಟು ಮೆಂತ್ಯ, ಜೀರಿಗೆ ಇವುಗಳನ್ನು ತೆಂಗಿನೆಣ್ಣೆಯಲ್ಲಿ ಹುರಿದು, ಹೆರೆಮಣೆಯಲ್ಲಿ ಆಗತಾನೇ ತುರಿದ ಕಾಯಿಯೊಂದಿಗೆ ರುಬ್ಬುತ್ತಾರೆ. ಮೆಂತ್ಯ ಕೆಂಪಾಗಬೇಕು, ಕಪ್ಪಾಗಬಾರದು. ಒಂದು ಕ್ಷಣ ಹೆಚ್ಚಾದರೆ ಕೊದಿಲಿಡೀ ಕಹಿಯಾಗುತ್ತದೆ. ಪೇಟೆಯ ಸಾಂಬಾರು ಪುಡಿಯಿಂದ ಇದೇ ರುಚಿ ಬರುತ್ತದೆ ಎನ್ನುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಬರುವುದಿಲ್ಲ. ಇದರ ಜೊತೆಗೆ ತೊಂಡೆಕಾಯಿಯದೋ ಅಲಸಂಡೆಯದೋ ಪಲ್ಯ, ಅಂಗಳದ ಬದಿಯಲ್ಲಿ ಕೊಯ್ದ ಒಂದೆಲಗದ ತಂಬುಳಿ, ಕೊನೆಗೆ ಮಜ್ಜಿಗೆ.

ಇನ್ನು ಅಂಗಡಿಯ ವಿಷಯ. ರೇಷನ್ ಕಾರ್ಡು ಕೇರಳದ್ದು. ಮನೆಯ ಆರ್ಥಿಕ ಸ್ಥಿತಿಗೆ ಅನುಸಾರವಾಗಿ ಹಳದಿ, ಗುಲಾಬಿ, ನೀಲಿ, ಬಿಳಿ ಎಂಬ ನಾಲ್ಕು ಬಣ್ಣಗಳಲ್ಲಿ ಅದು ಇರುತ್ತದೆ. ಅದೇ ಕಾರ್ಡು ಹಿಡಿದು ಸಪ್ಲೈಕೋದ, ಅಂದರೆ ಕೇರಳ ಸರಕಾರದ ನಾಗರಿಕ ಸರಬರಾಜು ನಿಗಮದ, ಮಾವೇಲಿ ಸ್ಟೋರಿಗೆ ಹೋದರೆ ಅಕ್ಕಿ, ಬೇಳೆಕಾಳು, ಸಕ್ಕರೆ, ತೆಂಗಿನೆಣ್ಣೆ, ಒಣಮೆಣಸು, ಕೊತ್ತಂಬರಿ ಮೊದಲಾದ 13 ಸಾಮಾನುಗಳು ಸಬ್ಸಿಡಿ ದರದಲ್ಲಿ ದೊರೆಯಬೇಕು. ಎಲ್ಲವೂ ಒಂದೇ ದಿನ ಇರುವುದು ವಿರಳವಾದ್ದರಿಂದ, ಯಾವುದು ಬಂದಿದೆ ಎಂದು ನೆರೆಮನೆಯವರನ್ನು ವಿಚಾರಿಸಿಕೊಂಡೇ ಹೊರಡುತ್ತಾರೆ. ಉಳಿದದ್ದಕ್ಕೆ ಪೇಟೆಯ ಜಿನಸು ಅಂಗಡಿಯಿದೆ. ಅಲ್ಲಿ ಅಂಗಡಿಯವರು ಒಬ್ಬ ಗಿರಾಕಿಯೊಂದಿಗೆ ಮಲಯಾಳವನ್ನೂ ಇನ್ನೊಬ್ಬರೊಂದಿಗೆ ತುಳುವನ್ನೂ ನಮ್ಮೊಂದಿಗೆ ಕನ್ನಡವನ್ನೂ ಆಡುತ್ತಲೇ ತೂಗಿ ಕೊಡುತ್ತಾರೆ.

ಮೆಣಸಿನ ಸಂಗತಿ ಮಾತ್ರ ಬೇರೆ. ಸಬ್ಸಿಡಿಯಲ್ಲಿ ಸಿಗುವ ಮೆಣಸು ಖಾರವೇ ಹೊರತು ಕೊದಿಲಿಗೆ ಬೇಕಾದ ಬಣ್ಣವನ್ನು ಕೊಡುವುದಿಲ್ಲ. ಆದ್ದರಿಂದ ಬ್ಯಾಡಗಿ ಮೆಣಸನ್ನು ಪುತ್ತೂರಿಗೋ ಮಂಗಳೂರಿಗೋ ಅಡಿಕೆಯ ವ್ಯವಹಾರಕ್ಕಾಗಿ ಹೋದವರು ತರುತ್ತಾರೆ. ಪೆರ್ಲದ ಕಡೆಯವರಿಗೆ ಸಾರಡ್ಕದಲ್ಲಿ ಗಡಿ ದಾಟಿದರೆ ಅಡ್ಯನಡ್ಕ, ಮುಂದೆ ವಿಟ್ಲ. ಮಂಜೇಶ್ವರದವರಿಗೆ ತಲಪಾಡಿ ದಾಟಿದರೆ ಮಂಗಳೂರು. ತೆಂಗಿನೆಣ್ಣೆಗೆ ಮಾತ್ರ ಯಾವ ದಿಕ್ಕಿಗೆ ಹೋದರೂ ಉಪಾಯವಿರಲಿಲ್ಲ: 2025ರಲ್ಲಿ ಅದರ ಬೆಲೆ ವಿಪರೀತ ಏರಿದಾಗ, ತೆಂಗಿನ ಮರಗಳ ನಡುವೆಯೇ ಬದುಕುವ ನಾವು ಹಪ್ಪಳ ಕರಿಯುವುದನ್ನು ಕಡಿಮೆ ಮಾಡಬೇಕಾಯಿತು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು, ಕರ್ನಾಟಕಕ್ಕೆ ಹೋಗುವ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳಿಗೆ ಆದ ಸಂಕಟ ನಮ್ಮ ಯಾರ ಮನಸ್ಸಿನಿಂದಲೂ ಹೋಗಿಲ್ಲ. ಆದರೆ ಅಡುಗೆಮನೆಯ ಮಟ್ಟಿಗೆ, ಆ ತಿಂಗಳುಗಳಲ್ಲಿ ಮರದ ತುಂಬ ಹಲಸಿನಕಾಯಿ ಇತ್ತು. ಪಲ್ಯ, ಕೊದಿಲು, ದೋಸೆ, ಹಪ್ಪಳ, ಬೀಜದ ಸಾರು ಎಂದು ಒಂದೇ ಕಾಯಿಯಿಂದ ದಿನದ ಮೂರು ಹೊತ್ತನ್ನೂ ನಡೆಸಿದ ಮನೆಗಳುಂಟು. ಕೇರಳ ಸರಕಾರವು 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿದ್ದರ ಅರ್ಥ ಅನೇಕರಿಗೆ ಆಗ ತಿಳಿಯಿತು.

ಆ ಕಾಯಿಯನ್ನು ಮಳೆಗಾಲಕ್ಕೆ ಉಳಿಸಿಕೊಳ್ಳುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಲಿತ, ಆದರೆ ಹಣ್ಣಾಗದ ಕಾಯಿಯನ್ನು ಕೊಯ್ದು, ಮೇಣ ಅಂಟದಂತೆ ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಂಡು, ಸೊಳೆಗಳನ್ನು ಬಿಡಿಸಿ ಬೀಜ ತೆಗೆಯುತ್ತಾರೆ. ಅವನ್ನು ಕಲ್ಲುಪ್ಪಿನೊಂದಿಗೆ ಬೆರೆಸಿ ಭರಣಿಯಲ್ಲಿ ಅದುಮಿ, ಮೇಲೆ ಭಾರವಿಟ್ಟರೆ, ಸೊಳೆ ತನ್ನದೇ ನೀರು ಬಿಟ್ಟುಕೊಂಡು ಅದರಲ್ಲಿ ಮುಳುಗಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್), ಹೊರಗೆ ಕಾಲಿಡಲಾಗದಂತೆ ಮಳೆ ಸುರಿಯುವಾಗ, ಬೇಕಾದಷ್ಟನ್ನು ಹಿಂದಿನ ದಿನವೇ ತೆಗೆದು ನೀರಿನಲ್ಲಿ ಹಾಕಿ, ನೀರು ಬದಲಿಸುತ್ತ ಉಪ್ಪು ಬಿಡಿಸಿ, ಹಿಂಡಿ ಪಲ್ಯ ಮಾಡುತ್ತಾರೆ. ಅಕ್ಕಿಯೊಂದಿಗೆ ರುಬ್ಬಿ ಬಾಳೆಲೆಯಲ್ಲಿ ತಟ್ಟಿದರೆ ಉಪ್ಪುಸೊಳೆ ರೊಟ್ಟಿ. ಬೇಸಗೆಯ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಮನೆಯ ಮಾಡಿಗೆ (ಛಾವಣಿಗೆ) ತೂಗುಹಾಕಿದರೆ ಅವೂ ಮಳೆಗಾಲಕ್ಕೆ ಒದಗುತ್ತವೆ. ಹಿತ್ತಿಲಿನ ತರಕಾರಿಯ ಮೇಲೆ ನಮಗೆ ಇಷ್ಟು ನಂಬಿಕೆಯಿರುವುದಕ್ಕೆ ಇನ್ನೊಂದು ಕಾರಣವೂ ಇದೆ: ಪೆರ್ಲದ ಸುತ್ತಮುತ್ತಲಿನ ಗೇರುತೋಟಗಳಿಗೆ 2000ದ ವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಂಬ ಕೀಟನಾಶಕದ ನೋವನ್ನು ಕಂಡವರು, ವಿಷ ಹೊಡೆದಿರಬಹುದಾದ ತರಕಾರಿಯನ್ನು ಸುಲಭವಾಗಿ ಮನೆಯೊಳಗೆ ತರಲಾರರು.

ರಾತ್ರಿಗೆ ಹೆಚ್ಚಿನ ಮನೆಗಳಲ್ಲಿ ಹೊಸ ಅಡುಗೆಯಿಲ್ಲ. ಕುಚ್ಚಲಕ್ಕಿಯ ಗಂಜಿ, ಮಾವಿನ ಮಿಡಿಯ ಉಪ್ಪಿನಕಾಯಿ, ಮಧ್ಯಾಹ್ನದ ಪಲ್ಯ, ಒಂದು ಸುಟ್ಟ ಹಪ್ಪಳ.

ನೀವು ಬರುವುದಾದರೆ ಎಪ್ರಿಲ್–ಮೇ ತಿಂಗಳಲ್ಲಿ ತಾಜಾ ಹಲಸಿನ ಅಡುಗೆಯೂ, ಜುಲೈಯಲ್ಲಿ ಉಪ್ಪುಸೊಳೆ ಹಾಗೂ ಕೆಸುವಿನ ಎಲೆಯ ಪತ್ರೊಡೆಯೂ ಸಿಗುತ್ತವೆ. ಕುಚ್ಚಲಕ್ಕಿ ಅಭ್ಯಾಸವಿಲ್ಲದಿದ್ದರೆ ಸಂಕೋಚಪಡದೆ ಮೊದಲೇ ತಿಳಿಸಿರಿ. ನೆಂಟರಿಗಾಗಿ ಪ್ರತ್ಯೇಕವಾಗಿ ಬೆಳ್ತಿಗೆ ಅನ್ನ ಮಾಡುವುದು ಇಲ್ಲಿಯ ಮನೆಗಳಲ್ಲಿ ವಾಡಿಕೆಯೇ ಆಗಿದೆ.