ಎಟ್ನಾ ಜ್ವಾಲಾಮುಖಿಯ ತುತ್ತತುದಿಗೆ ಗೈಡ್ ಇಲ್ಲದೆ ಹೋಗಬಹುದೇ? ಯಾವ ದಾರಿ ಹಿಡಿದರೆ ಒಳ್ಳೆಯದು?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು: ಅಕ್ಟೋಬರ್ ಮೊದಲ ವಾರ ಇಬ್ಬರು ಸಿಸಿಲಿಗೆ ಹೋಗುತ್ತಿದ್ದೀರಿ, ಕುಮಾರ ಪರ್ವತ ಹತ್ತಿದ ಅಭ್ಯಾಸವಿದೆ, ಎಟ್ನಾಗೆ ಒಂದೇ ದಿನ ಇಟ್ಟುಕೊಂಡಿದ್ದೀರಿ. ತುದಿ ಮುಟ್ಟಬಹುದೇ, ಗೈಡ್ ಬೇಕೇ, ಕೆಂಪು ಲಾವಾ ಕಾಣುತ್ತದೆಯೇ ಎಂದು ಕೇಳಿದ್ದೀರಿ. ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಲಾವಾ ಚೆನ್ನಾಗಿ ಹರಿಯುವ ದಿನ ಮೇಲಿನ ದಾರಿ ಸಾಮಾನ್ಯವಾಗಿ ಮುಚ್ಚಿರುತ್ತದೆ. ದಾರಿ ತೆರೆದಿರುವ ದಿನ ಹೆಚ್ಚಾಗಿ ಹೊಗೆ ಮಾತ್ರ ಕಾಣುತ್ತದೆ. ಎರಡೂ ಒಟ್ಟಿಗೆ ಸಿಕ್ಕರೆ ಅದೃಷ್ಟ ಅನ್ನಿ, ಅದನ್ನೇ ನಂಬಿ ಟಿಕೆಟ್ ಮಾಡಿಸಬೇಡಿ.

ಎಟ್ನಾದಲ್ಲಿ 'ತುದಿ' ಅಂತ ಒಂದು ಕಡೆ ಬಾವುಟ ನೆಡಲು ಆಗುವುದಿಲ್ಲ. ಮೇಲೆ ನಾಲ್ಕು ಬಾಯಿಗಳಿವೆ: 1911ರಲ್ಲಿ ತೆರೆದ ಈಶಾನ್ಯ ಕುಳಿ, 1945ರ ವೊರಾಜಿನೆ, 1968ರ ಬೊಕ್ಕಾ ನುವೊವಾ, 1971ರ ಆಗ್ನೇಯ ಕುಳಿ. ಯಾವುದು ಹೆಚ್ಚು ಉಗುಳುತ್ತದೋ ಅದು ಬೆಳೆಯುತ್ತದೆ. ಬಹಳ ವರ್ಷ ಈಶಾನ್ಯ ಕುಳಿಯೇ ಎತ್ತರವಾಗಿತ್ತು. 2021ರಲ್ಲಿ ಆಗ್ನೇಯ ಕುಳಿ 3,357 ಮೀಟರ್ ಮುಟ್ಟಿ ಅದನ್ನು ಹಿಂದೆ ಹಾಕಿತು, 2024ರ ಬೇಸಿಗೆಯ ಸ್ಫೋಟಗಳ ನಂತರ ವೊರಾಜಿನೆಯ ಅಂಚು ಸುಮಾರು 3,400 ಮೀಟರಿಗೆ ಹೋಯಿತು. ಹಳೆಯ ನಕ್ಷೆಯಲ್ಲಿ ಕಾಣುವ ಕಾಲುದಾರಿ ಇವತ್ತು ಹೊಸ ಲಾವಾದಡಿ ಹೂತಿರಬಹುದು. ಹಾಗಾಗಿ ಮೊಬೈಲಿನಲ್ಲಿ ಯಾರೋ ಹಾಕಿದ ಟ್ರ್ಯಾಕ್ ಇಳಿಸಿಕೊಂಡು ಹೊರಡುವ ಮುನ್ನ ಅದು ಯಾವ ವರ್ಷದ್ದು ನೋಡಿ.

ಗೈಡ್ ವಿಷಯ. ಎಷ್ಟು ಎತ್ತರದವರೆಗೆ ನೀವೇ ಹೋಗಬಹುದು, ಎಲ್ಲಿಂದ ಮೇಲೆ ಪರವಾನಗಿ ಇರುವ ಗೈಡ್ ಕಡ್ಡಾಯ, ಎಲ್ಲಿ ಯಾರಿಗೂ ಪ್ರವೇಶವಿಲ್ಲ ಎಂಬುದನ್ನು ನಿಕೊಲೋಸಿ, ಲಿಂಗ್ವಾಗ್ಲೊಸ್ಸಾ ಮುಂತಾದ ಊರುಗಳ ಮೇಯರ್‌ಗಳು ಆದೇಶ ಹೊರಡಿಸಿ ನಿಗದಿ ಮಾಡುತ್ತಾರೆ. ಪರ್ವತದ ಸ್ಥಿತಿ ಬದಲಾದಂತೆ ಆದೇಶವೂ ಬದಲಾಗುತ್ತದೆ. ಕುಳಿಗಳ ಅಂಚಿಗೆ ಗೈಡ್ ಇಲ್ಲದೆ ಹೋಗುವುದು ಶಾಂತ ದಿನಗಳಲ್ಲೂ ನಿಷಿದ್ಧ ಎಂದೇ ತಿಳಿಯಿರಿ. ಇದು ಬರೀ ದುಡ್ಡು ಮಾಡುವ ಉಪಾಯ ಅಂತ ಗೊಣಗುವವರಿದ್ದಾರೆ. ಅವರಿಗೆ 1979ರ ಸೆಪ್ಟೆಂಬರ್ 12 ನೆನಪಿಸಬೇಕು. ಅಂದು ಬೊಕ್ಕಾ ನುವೊವಾದ ಅಂಚಿನ ಬಳಿ ಪ್ರವಾಸಿಗರು ಇದ್ದಾಗಲೇ ಸ್ಫೋಟವಾಗಿ 9 ಜನ ಸತ್ತರು. ಬಾಯಿ ಕಲ್ಲುಮಣ್ಣಿನಿಂದ ಮುಚ್ಚಿಕೊಂಡು ಒಳಗೆ ಹಬೆಯ ಒತ್ತಡ ಕಟ್ಟಿದರೆ ಹೊಸ ಶಿಲಾಪಾಕ (ನೆಲದೊಳಗಿನ ಕರಗಿದ ಕಲ್ಲು) ಮೇಲೆ ಬರದೆಯೇ ಸ್ಫೋಟವಾಗುತ್ತದೆ. ಇಂಥದಕ್ಕೆ ಮುನ್ಸೂಚನೆ ತೀರಾ ಕಡಿಮೆ.

ಹೆಚ್ಚಿನವರು ಹೋಗುವುದು ದಕ್ಷಿಣದ ದಾರಿ. ರಸ್ತೆ 1,910 ಮೀಟರಿನ ರಿಫ್ಯೂಜಿಯೊ ಸಪಿಯೆಂಜಾ ಎಂಬ ಆಶ್ರಯಮನೆಯವರೆಗೆ ಹೋಗುತ್ತದೆ. ಅಲ್ಲಿಂದ ಕೇಬಲ್ ಕಾರ್ 2,500 ಮೀಟರಿಗೆ ಏರಿಸುತ್ತದೆ. ನಡೆದೇ ಹೋಗುವವರಿಗೆ ಪಕ್ಕದಲ್ಲೇ ಜೀಪು ಓಡಾಡುವ ಬೂದಿದಾರಿಯಿದೆ, ಒಂದೂವರೆಯಿಂದ ಎರಡು ಗಂಟೆ ಬೇಕು, ನೋಟ ಅಷ್ಟಕ್ಕಷ್ಟೇ. 2,500ರಿಂದ ಮೇಲೆ ನಾಲ್ಕು ಚಕ್ರಕ್ಕೂ ಎಳೆತವಿರುವ ದೊಡ್ಡ ಬಸ್ಸುಗಳು ಸುಮಾರು 2,900 ಮೀಟರಿನ ತೊರ್ರೆ ದೆಲ್ ಫಿಲೊಸೊಫೊ ಎಂಬ ಜಾಗಕ್ಕೆ ಹೋಗುತ್ತವೆ. ಅಲ್ಲಿ ಹಿಂದೆ ಇದ್ದ ಆಶ್ರಯಮನೆ ಲಾವಾ, ಬೂದಿಗಳಡಿ ಹೂತುಹೋಗಿದೆ, ಹುಡುಕಬೇಡಿ. ಪಕ್ಕದಲ್ಲಿರುವ ಬರ್ಬಗಾಲೊ ಕುಳಿಗಳು 2002–03ರ ಸ್ಫೋಟದಲ್ಲಿ ಹುಟ್ಟಿದವು. ಅಂಚಿನ ಕೆಲವು ಕಡೆ ಬೂದಿಯನ್ನು ನಾಲ್ಕು ಬೆರಳಿನಷ್ಟು ಬಗೆದರೆ ಕೈಗೆ ಬಿಸಿ ತಗಲುತ್ತದೆ. ಬಿಸಿ ಕಲ್ಲುಗಳ ಮೇಲೆ ಗುಲಗಂಜಿ ಹುಳುಗಳ ಹಿಂಡು ಕೂತಿರುವುದೂ ಉಂಟು. ಹುಲ್ಲುಕಡ್ಡಿಯೂ ಬೆಳೆಯದ ಕಪ್ಪು ನೆಲದ ಮೇಲೆ ಆ ಕೆಂಪು ಚುಕ್ಕೆಗಳನ್ನು ಕಂಡು ಮೊದಲು ಕಿಡಿಯೇ ಬಿತ್ತೇನೋ ಅನಿಸುತ್ತದೆ.

ಗಾಳಿ ಜೋರಾದರೆ ಕೇಬಲ್ ಕಾರ್ ನಿಲ್ಲಿಸುತ್ತಾರೆ. ಕೆಳಗೆ ಕಡಲತೀರದ ಕತಾನಿಯಾ ನಗರದಲ್ಲಿ ಎಲೆ ಅಲ್ಲಾಡದಿದ್ದರೂ ಮೇಲೆ ನಿಲ್ಲಲಾಗದಂಥ ಗಾಳಿ ಇರಬಹುದು. ಆದ್ದರಿಂದ ಊರಿನ ಹವಾಮಾನ ನೋಡಬೇಡಿ, 3,000 ಮೀಟರ್ ಎತ್ತರದ ಗಾಳಿಯ ಮುನ್ಸೂಚನೆ ನೋಡಿ. ನಿಮ್ಮದು ಒಂದೇ ದಿನವಾದ್ದರಿಂದ ಪ್ರವಾಸದ ಮೊದಲ ದಿನಗಳಲ್ಲೇ ಎಟ್ನಾ ಇಟ್ಟುಕೊಳ್ಳಿ. ಕೈಕೊಟ್ಟರೆ ಮುಂದೂಡಲು ಜಾಗವಿರುತ್ತದೆ.

ಉತ್ತರದ ದಾರಿ 1,800 ಮೀಟರಿನ ಪಿಯಾನೊ ಪ್ರೊವೆಂಜಾನಾದಿಂದ. 2002ರ ಅಕ್ಟೋಬರಿನಲ್ಲಿ ಲಾವಾ ಈ ನೆಲೆಯನ್ನೇ ನುಂಗಿತ್ತು. ಈಗಿರುವುದು ಅದರ ಮೇಲೆ ಮತ್ತೆ ಕಟ್ಟಿದ್ದು. ಕೇಬಲ್ ಕಾರ್ ಸಾಲಿನ ಗದ್ದಲ ಇಲ್ಲಿಲ್ಲ. ಸುಮಾರು 2,800 ಮೀಟರಿನ ಪಿಜ್ಜಿ ದೆನೇರಿಯಲ್ಲಿ ಜ್ವಾಲಾಮುಖಿ ವೀಕ್ಷಣಾಲಯವಿದೆ, ಅಲ್ಲಿಂದ ಕುಳಿಗಳ ಇನ್ನೊಂದು ಮಗ್ಗುಲು ಕಾಣುತ್ತದೆ. ಆದರೆ ಸ್ವಂತ ವಾಹನ ಇಲ್ಲದೆ ಈ ಕಡೆ ಬರುವುದು ಕಷ್ಟ.

ಈಗ ನನ್ನ ನಿಜವಾದ ಸಲಹೆ. ನಾಲ್ಕು ಕುಳಿಗಳ ಅಂಚಿಗಿಂತ ವಾಲೆ ದೆಲ್ ಬೊವೆಯ ಅಂಚಿನಿಂದ ಎಟ್ನಾ ಚೆನ್ನಾಗಿ ಕಾಣುತ್ತದೆ. ಕುಳಿಯ ಬಾಯಲ್ಲಿ ನಿಂತವರಿಗೆ ಕಾಣುವುದು ಹೆಚ್ಚಿನಂಶ ಬಿಳಿ ಆವಿ. ಗಾಳಿ ತಿರುಗಿದರೆ ಅದೂ ಕಾಣುವುದಿಲ್ಲ, ಕಣ್ಣು ಮುಚ್ಚಿ ಕೆಮ್ಮುತ್ತಾ ನಿಲ್ಲಬೇಕು. ವಾಲೆ ದೆಲ್ ಬೊವೆ ಎಂದರೆ ಪರ್ವತದ ಪೂರ್ವ ಮಗ್ಗುಲಲ್ಲಿ ಕುದುರೆಲಾಳದ ಆಕಾರದಲ್ಲಿ ಕುಸಿದ ಮಹಾ ಕಣಿವೆ. ಅಗಲ ಸುಮಾರು 5 ಕಿಲೋಮೀಟರ್, ಗೋಡೆಗಳು ಕೆಲವೆಡೆ 1,000 ಮೀಟರ್ ಆಳ. ಆಗ್ನೇಯ ಕುಳಿಯ ಲಾವಾ ಹೆಚ್ಚಾಗಿ ಇದರೊಳಗೇ ಇಳಿಯುತ್ತದೆ. ಕೆಳಗಿನ ಊರುಗಳ ಪುಣ್ಯ! ಅಂಚಿನಲ್ಲಿ ನಿಂತರೆ ಲಾವಾ ಹರಿವುಗಳು ಒಂದರ ಮೇಲೊಂದು ಬಿದ್ದಿರುವುದು ಬಣ್ಣದಿಂದಲೇ ಗೊತ್ತಾಗುತ್ತದೆ. ಹೊಸದು ಇದ್ದಿಲು ಕಪ್ಪು, ತುಸು ಹಳೆಯದು ಕಂದು, ಇನ್ನೂ ಹಳೆಯದರ ಮೇಲೆ ಕಲ್ಲುಹೂವು ಬೂದುಬಣ್ಣ ಹಚ್ಚಿರುತ್ತದೆ. ಗೋಡೆಯಲ್ಲಿ ಅಡ್ಡಪದರಗಳನ್ನು ಸೀಳಿಕೊಂಡು ನೆಟ್ಟಗೆ ನಿಂತ ಕಲ್ಲಿನ ಹಲಗೆಗಳು ಕಾಣುತ್ತವೆ. ಹಿಂದೆ ಶಿಲಾಪಾಕ ಬಿರುಕಿನಲ್ಲಿ ಏರುವಾಗ ಅಲ್ಲೇ ಹೆಪ್ಪುಗಟ್ಟಿದ್ದು ಅದು.

ಇಲ್ಲಿಗೆ ಕೇಬಲ್ ಕಾರ್ ಬೇಡ. ಸಪಿಯೆಂಜಾದಿಂದ ಜಫೆರಾನಾ ಊರಿನ ಕಡೆ ಇಳಿಯುವ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಸ್ಕಿಯೆನಾ ದೆಲ್ಲಾಸಿನೊ ಎಂಬ ಕಾಲುದಾರಿ ಶುರುವಾಗುತ್ತದೆ. ಸುಮಾರು 1,700 ಮೀಟರಿನಿಂದ 2,000 ಮೀಟರಿನ ಆಸುಪಾಸಿಗೆ ಏರುತ್ತದೆ, ನಿಧಾನವಾಗಿ ಹೋಗಿ ಬರಲು ಮೂರು ಗಂಟೆ ಸಾಕು. ದಾರಿಯ ಮೇಲ್ಭಾಗದಲ್ಲಿ ದಿಂಬಿನಂತೆ ಉಬ್ಬಿದ ಮುಳ್ಳುಗಿಡಗಳ ದಿಣ್ಣೆಗಳಿವೆ, ಕೂರಲು ಹೋಗಬೇಡಿ. ಕಣಿವೆಯ ಅಂಚು ಸಡಿಲ ಬೂದಿ. ಕೆಳಗಿನಿಂದ ಕೊರೆದು ಟೊಳ್ಳಾಗಿದ್ದರೂ ಮೇಲಿನಿಂದ ಗಟ್ಟಿಯಾಗಿ ಕಾಣುತ್ತದೆ, ಆದ್ದರಿಂದ ಎರಡು ಮೂರು ಮಾರು ಹಿಂದೆಯೇ ನಿಲ್ಲಿ.

ಮೇಲಿನಿಂದ ದೂರದ ನೋಟ ಬೇಕಿದ್ದರೆ ಬೆಳಿಗ್ಗೆಯೇ ಹೋಗಬೇಕು. ಸಮುದ್ರದ ತೇವದ ಗಾಳಿ ಇಳಿಜಾರಿನಲ್ಲಿ ಏರುತ್ತಾ ತಣಿದು ಹತ್ತು ಹನ್ನೊಂದರ ಹೊತ್ತಿಗೆ ಮೋಡ ಕಟ್ಟಿಬಿಡುತ್ತದೆ. ಆಕಾಶ ಶುಭ್ರವಾಗಿದ್ದರೆ ಉತ್ತರಕ್ಕೆ ಸ್ಟ್ರಾಂಬೊಲಿ ಮೊದಲಾದ ಏಯೋಲಿಯನ್ ದ್ವೀಪಗಳು, ಈಶಾನ್ಯಕ್ಕೆ ಮೆಸ್ಸಿನಾ ಜಲಸಂಧಿ ಮತ್ತು ಅದರಾಚೆ ಕಲಾಬ್ರಿಯಾದ ಬೆಟ್ಟಗಳು, ದಕ್ಷಿಣಕ್ಕೆ ಕತಾನಿಯಾ ಬಯಲು ಕಾಣುತ್ತವೆ. ಸೂರ್ಯೋದಯಕ್ಕೆ ಗೈಡ್ ಜೊತೆ ಮೇಲಿದ್ದವರು ಪೂರ್ವಕ್ಕೆ ಮಾತ್ರ ಮುಖ ಮಾಡಿ ನಿಲ್ಲದೆ ಹಿಂದಿರುಗಿಯೂ ನೋಡಬೇಕು: ಪರ್ವತದ ತ್ರಿಕೋನ ನೆರಳು ಪಶ್ಚಿಮಕ್ಕೆ ಸಿಸಿಲಿಯ ಒಳನಾಡಿನ ಮೇಲೆ ಬಹು ದೂರ ಚಾಚಿರುತ್ತದೆ.

ಕುಮಾರ ಪರ್ವತ ಹತ್ತಿದ ಕಾಲಿಗೆ ಇಲ್ಲಿನ ಏರು ದೊಡ್ಡದಲ್ಲ. ಕಾಡುವುದು ಬೇರೆ. 3,300 ಮೀಟರಿನಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡರಷ್ಟು. ಬೆಳಿಗ್ಗೆ ಕಡಲತೀರದಲ್ಲಿ ತಿಂಡಿ ತಿಂದು ಮಧ್ಯಾಹ್ನ ಅಲ್ಲಿ ನಿಂತವರಿಗೆ ತಲೆನೋವು ಸಹಜ. ಅದು ಹೆಚ್ಚಿ ವಾಂತಿ ಬರುವಂತಾದರೆ ಮಾತ್ರೆ ನುಂಗಿ ಮುಂದೆ ಹೋಗಬೇಡಿ, ಇಳಿಯಿರಿ. ಕೆಳಗೆ 26 ಡಿಗ್ರಿ ಇದ್ದರೆ ಮೇಲೆ ಐದಾರು ಡಿಗ್ರಿ, ಗಾಳಿ ಸೇರಿದರೆ ಸೊನ್ನೆಗಿಂತ ಕಡಿಮೆ ಅನಿಸುತ್ತದೆ. ಉಣ್ಣೆ ಟೋಪಿ, ಗಾಳಿ ತಡೆಯುವ ಜಾಕೆಟ್, ಕೈಗವಸು ಅಕ್ಟೋಬರಿನಲ್ಲಿ ಬೇಕೇ ಬೇಕು. ಕೈಗವಸು ಚಳಿಗಷ್ಟೇ ಅಲ್ಲ. ಹೊಸ ಲಾವಾದ ಮೇಲ್ಮೈ ಒಡೆದ ಗಾಜಿನಂತೆ, ಎಡವಿ ಕೈಯೂರಿದರೆ ಅಂಗೈ ಕಿತ್ತುಹೋಗುತ್ತದೆ.

ಶೂ ಕಣಕಾಲು ಮುಚ್ಚುವಂಥದ್ದಿರಲಿ. ಬೂದಿಯ ಇಳಿಜಾರಿನಲ್ಲಿ ಎರಡು ಹೆಜ್ಜೆ ಏರಿದರೆ ಒಂದು ಹೆಜ್ಜೆ ಜಾರುತ್ತೀರಿ. ಏರುವಾಗ ಮುಂದಿನವರ ಹೆಜ್ಜೆಗುರುತಿನಲ್ಲೇ ಚಿಕ್ಕ ಹೆಜ್ಜೆ ಇಡಿ. ಇಳಿಯುವಾಗ ಹಿಮ್ಮಡಿ ಊರಿ, ಮೊಣಕಾಲು ಸ್ವಲ್ಪ ಬಗ್ಗಿಸಿ, ಜಾರುತ್ತಲೇ ಇಳಿಯಬಹುದು. ಎರಡು ಗಂಟೆ ಏರಿದ್ದನ್ನು ಅರ್ಧ ಗಂಟೆಯಲ್ಲಿ ಇಳಿದುಬಿಡುತ್ತೀರಿ. ಆಗ ಶೂ ಬಾಯಿಂದ ಹರಳುಗಳು ಒಳಗೆ ಸುರಿಯದಂತೆ ಕಾಲಿಗೆ ಗೇಟರ್ ಕಟ್ಟಿಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅವತ್ತು ಕನ್ನಡಕ ಹಾಕಲಿ. ನೀರು ತಲಾ ಎರಡು ಲೀಟರಿಗೆ ಕಡಿಮೆ ಬೇಡ. ಬಿರುಕುಬಿಟ್ಟ ಲಾವಾ ಮಳೆನೀರನ್ನೆಲ್ಲ ಹೀರಿಕೊಳ್ಳುವುದರಿಂದ ದಾರಿಯಲ್ಲಿ ತೊರೆ ಸಿಗುವುದಿಲ್ಲ.

ಅನಿಲದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಬಟ್ಟೆಯ ಅಥವಾ ಧೂಳಿನ ಮಾಸ್ಕ್ ಬೂದಿಯನ್ನು ತಡೆಯುತ್ತದೆ, ಗಂಧಕದ ಡೈಆಕ್ಸೈಡನ್ನು ತಡೆಯುವುದಿಲ್ಲ. ಅದಕ್ಕೆ ಆಮ್ಲ ಅನಿಲದ ಫಿಲ್ಟರ್ ಇರುವ ಮಾಸ್ಕೇ ಬೇಕು. ಯುರೋಪಿನಲ್ಲಿ ಅದಕ್ಕೆ ಹಳದಿ ಪಟ್ಟಿ, 'ಇ' ಗುರುತು ಇರುತ್ತದೆ. ಆಸ್ತಮಾ ಅಥವಾ ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಕುಳಿಗಳ ಹತ್ತಿರ ಹೋಗಲೇಬಾರದು. ಗಂಟಲು ಉರಿದರೆ ಗಾಳಿ ಬೀಸಿ ಬರುವ ದಿಕ್ಕಿಗೆ ಅಡ್ಡಲಾಗಿ ಸರಿದು ಹೊಗೆಯಿಂದ ಹೊರಬನ್ನಿ. ತಗ್ಗಿನಲ್ಲಿ ಕೂತು ಸುಧಾರಿಸಿಕೊಳ್ಳುವುದು ತಪ್ಪು, ಭಾರದ ಅನಿಲ ಅಲ್ಲೇ ನಿಲ್ಲುತ್ತದೆ.

ಮಂಜು ಕವಿದರೆ ಕಪ್ಪು ನೆಲದ ಮೇಲೆ ದಿಕ್ಕು ತಿಳಿಯುವುದು ಕಷ್ಟ. ಲಾವಾದಲ್ಲಿ ಕಾಂತಗುಣದ ಖನಿಜ ಇರುವುದರಿಂದ ದಿಕ್ಸೂಚಿಯೂ ಕೆಲವೆಡೆ ಸುಳ್ಳು ಹೇಳುತ್ತದೆ. ಇಂಟರ್ನೆಟ್ ಇಲ್ಲದೆಯೂ ತೆರೆಯುವ ನಕ್ಷೆ ಮೊಬೈಲಿನಲ್ಲಿರಲಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಮೊಬೈಲನ್ನು ಒಳಜೇಬಿನಲ್ಲಿಡಿ.

ಹಿಂದಿನ ರಾತ್ರಿ ನೋಡಬೇಕಾದದ್ದು ಕತಾನಿಯಾದ ಜ್ವಾಲಾಮುಖಿ ವೀಕ್ಷಣಾಲಯ ಪ್ರಕಟಿಸುವ ಕಂಪನದ ಗ್ರಾಫ್. ಭೂಕಂಪದಂತೆ ಒಮ್ಮೆ ಕುಲುಕಿ ನಿಲ್ಲದೆ, ಶಿಲಾಪಾಕ ಮತ್ತು ಅನಿಲದ ಚಲನೆಯಿಂದ ಬಿಡದೆ ಬರುವ ನಡುಕ ಅದು. ಗೆರೆ ಕೆಲವೇ ಗಂಟೆಗಳಲ್ಲಿ ಕಡಿದಾಗಿ ಏರುತ್ತಿದ್ದರೆ ಲಾವಾ ಕಾರಂಜಿ ಏಳುವ ಸಾಧ್ಯತೆ ಹೆಚ್ಚು. 2025ರ ಜೂನ್ 2ರಂದು ಬೆಳಗಿನ ಜಾವದಿಂದಲೇ ಚಟುವಟಿಕೆ ಏರಿತ್ತು. ಹನ್ನೊಂದೂವರೆಯ ಸುಮಾರಿಗೆ ಆಗ್ನೇಯ ಕುಳಿಯ ಒಂದು ಭಾಗ ಕುಸಿದು ಬಿಸಿ ಬೂದಿ, ಕಲ್ಲು, ಅನಿಲಗಳ ಪ್ರವಾಹ ಉರುಳಿತು. ಮೇಲಿದ್ದ ಪ್ರವಾಸಿಗರು ಓಡಿ ಇಳಿದರು. ಪ್ರವಾಹ ಮೇಲಿನ ಕಣಿವೆಯಲ್ಲೇ ನಿಂತದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಇನ್ನೊಂದು ಮಾತು: ವಿಮಾನಗಳಿಗೆ ಕೊಡುವ 'ಕೆಂಪು' ಎಚ್ಚರಿಕೆ ಬೇರೆ, ನಾಗರಿಕ ರಕ್ಷಣಾ ಇಲಾಖೆಯ ಹಸಿರು–ಹಳದಿ–ಕಿತ್ತಳೆ–ಕೆಂಪು ಮಟ್ಟ ಬೇರೆ. ಸುದ್ದಿಯಲ್ಲಿ ಎರಡನ್ನೂ ಕಲಸಿಬಿಡುತ್ತಾರೆ. ನಿಮ್ಮ ಚಾರಣಕ್ಕೆ ಎರಡನೆಯದು ಮತ್ತು ಮೇಯರ್ ಆದೇಶ ಮುಖ್ಯ, ನಿಮ್ಮ ವಿಮಾನಕ್ಕೆ ಮೊದಲನೆಯದು.

ಮೇಲಿದ್ದಾಗಲೇ ಕಲ್ಲುಗಳು ಹಾರಿ ಬಂದರೆ ಬೆನ್ನು ತಿರುಗಿಸಿ ಓಡಬೇಡಿ. ಮೇಲೆ ನೋಡಿ, ಬೀಳುವ ಜಾಗ ಅಂದಾಜು ಮಾಡಿ ಪಕ್ಕಕ್ಕೆ ಸರಿಯಿರಿ. ಹೆಲ್ಮೆಟ್ ಇಲ್ಲದಿದ್ದರೆ ಬ್ಯಾಗು ತಲೆ ಮೇಲಿರಲಿ. ಹಿಮದ ಮೇಲೆ ಲಾವಾ ಹರಿಯುತ್ತಿದ್ದರೆ ಫೋಟೋಗೆಂದು ಹತ್ತಿರ ಹೋಗಲೇಬೇಡಿ. 2017ರ ಮಾರ್ಚ್ 16ರಂದು ಹೀಗೇ ಅಡಿಯ ಹಿಮ ಹಬೆಯಾಗಿ ಸಿಡಿದು ಸುಮಾರು 10 ಜನ ಗಾಯಗೊಂಡರು, ಅದರಲ್ಲಿ ಬಿಬಿಸಿ ತಂಡದವರೂ ಇದ್ದರು. ಅಕ್ಟೋಬರ್ ಆರಂಭಕ್ಕೆ ನಿಮಗೆ ಹಿಮದ ಚಿಂತೆ ಅಷ್ಟಿಲ್ಲ.

ನಾನಾದರೆ ನಿಮ್ಮ ಒಂದು ದಿನವನ್ನು ಹೀಗೆ ಹೊಂದಿಸುತ್ತೇನೆ. ಬೆಳಿಗ್ಗೆ ಮೊದಲ ಕೇಬಲ್ ಕಾರಿನಲ್ಲಿ 2,500ಕ್ಕೆ, ಅಂದು ಅನುಮತಿ ಇರುವಷ್ಟು ಎತ್ತರಕ್ಕೆ, ಮೋಡ ಕಟ್ಟುವ ಮುನ್ನ ವಾಪಸ್ಸು. ಮಧ್ಯಾಹ್ನ ಸ್ಕಿಯೆನಾ ದೆಲ್ಲಾಸಿನೊ. ಕೇಬಲ್ ಕಾರ್ ನಿಂತಿದ್ದರೆ ಅದೇ ಕಾಲುದಾರಿಯನ್ನು ಬೆಳಿಗ್ಗೆಯೇ ಮುಗಿಸಿ, ಸಪಿಯೆಂಜಾ ಪಕ್ಕದ 1892ರ ಸಿಲ್ವೆಸ್ಟ್ರಿ ಕುಳಿಗಳನ್ನು ಸುತ್ತಿ ಬನ್ನಿ. ಎರಡನ್ನೂ ಮಾಡಬೇಕೆಂದರೆ ಬಾಡಿಗೆ ಕಾರು ಇರಲಿ. ಕತಾನಿಯಾ ರೈಲ್ವೆ ನಿಲ್ದಾಣದ ಎದುರಿನಿಂದ ಬೆಳಿಗ್ಗೆ ಎಂಟೂಕಾಲರ ಸುಮಾರಿಗೆ ಸಪಿಯೆಂಜಾಗೆ ಒಂದು ಬಸ್ಸಿದೆ, ಅದು ಮುಟ್ಟುವಷ್ಟರಲ್ಲಿ ಮೊದಲ ಕೇಬಲ್ ಕಾರ್ ಹೋಗಿರುತ್ತದೆ, ಸಂಜೆ ನಾಲ್ಕೂವರೆಯ ಸುಮಾರಿಗೆ ಅದೇ ವಾಪಸ್ಸು ಹೊರಡುತ್ತದೆ. ಸಮಯವನ್ನು ಹಿಂದಿನ ದಿನ ನಿಲ್ದಾಣದಲ್ಲೇ ವಿಚಾರಿಸಿ, ತಪ್ಪಿದರೆ ಟ್ಯಾಕ್ಸಿಯವರು ಕೇಳಿದಷ್ಟು ಕೊಡಬೇಕಾಗುತ್ತದೆ.