ಬೈಕಿನ ಸ್ಟಿಕ್ಕರ್, ಈಸೂರಿನ ಬಾವುಟ

ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ ಬಂದಿದೆ. ಅವರ ಹಳೇ ಶಿಷ್ಯನೊಬ್ಬ ಬೈಕಿನ ಹಿಂದೆ ಹಿಟ್ಲರನ ನಾಜಿ ಪಕ್ಷದ ಚಿಹ್ನೆ (ಓರೆಯಾಗಿ ನಿಂತ ಸ್ವಸ್ತಿಕ) ಅಂಟಿಸಿಕೊಂಡು ಓಡಾಡುತ್ತಿದ್ದಾನೆ. ಕೇಳಿದರೆ "ಸುಮ್ನೆ, ಸ್ಟೈಲಿಗೆ ಸಾರ್" ಅಂದನಂತೆ. "ಜರ್ಮನಿಯಲ್ಲಿ ಇದಕ್ಕೆ ಜೈಲು. ನೋವು ಕೊಡುವ ಚಿಹ್ನೆಗಳನ್ನೆಲ್ಲ ನಮ್ಮಲ್ಲೂ ಯಾಕೆ ನಿಷೇಧಿಸಬಾರದು? ಫ್ಲೆಕ್ಸ್, ಬಾವುಟದ ಜಗಳವೂ ಮುಗಿಯುತ್ತದೆ" ಎನ್ನುವುದು ಅವರ ವಾದ.

ಸಂಪಾದಕರ ಉತ್ತರ:

ಮೇಷ್ಟ್ರೇ, ಸಿಟ್ಟು ನನಗೂ ಬಂತು. 60 ಲಕ್ಷ ಯಹೂದಿಗಳನ್ನು ಕೊಂದವರ ಗುರುತು ಸ್ಟೈಲ್ ಆಗಿ ಕಾಣುತ್ತದೆ ಅಂದರೆ ಅವನಿಗೆ ಇತಿಹಾಸ ಯಾರೋ ಸರಿಯಾಗಿ ಹೇಳಿಲ್ಲ. (ನೀವು ಗಣಿತದ ಮೇಷ್ಟ್ರಂತೆ, ಬಚಾವ್.) ಕರೆದು ಕೂರಿಸಿ ಹೇಳಿ. ಪೊಲೀಸರ ಮಾತಿಗಿಂತ ನಿಮ್ಮ ಮಾತಿಗೆ ಅವನು ಜಾಸ್ತಿ ಬೆಲೆ ಕೊಡುತ್ತಾನೆ. ನಿಷೇಧ ಮಾತ್ರ ಬೇಡ.

ಜರ್ಮನಿಯ ಕಾನೂನು ನಿಜ. ಅಲ್ಲಿನ ದಂಡ ಸಂಹಿತೆಯ 86ಎ ಕಲಂನಲ್ಲಿ 3 ವರ್ಷದವರೆಗೆ ಸಜೆ ಇದೆ. ಪಾಠಕ್ಕೆ, ಸಂಶೋಧನೆಗೆ, ಕಲೆಗೆ ವಿನಾಯಿತಿಯೂ ಇದೆ. ಅಷ್ಟಿದ್ದೂ ಎಡವಟ್ಟಾಯಿತು. ನಾಜಿಗಳನ್ನು ವಿರೋಧಿಸಲೆಂದೇ ಆ ಚಿಹ್ನೆಗೆ ಅಡ್ಡಗೆರೆ ಹೊಡೆದು ಮಾರುತ್ತಿದ್ದವನಿಗೇ ಸ್ಟುಟ್‌ಗಾರ್ಟಿನ ಕೋರ್ಟು ದಂಡ ಹಾಕಿತು! 2007ರಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಬೇಕಾಯಿತು. ಅದೇ ವರ್ಷ ಇಡೀ ಯುರೋಪಿಗೆ ಈ ನಿಷೇಧ ತರುವ ಮಾತು ಎದ್ದಾಗ ಅಲ್ಲಿನ ಹಿಂದೂಗಳು ಗಾಬರಿಯಾದರು. ಆಗದೆ ಏನು? ಹೊಂಬುಜಕ್ಕೆ ಬರುವ ಜೈನರಿಗೂ ಸ್ವಸ್ತಿಕ ಪವಿತ್ರವೇ. ದೀಪಾವಳಿಗೆ ಅಂಗಡಿಯವರು ಲೆಕ್ಕದ ಪುಸ್ತಕದ ಮೇಲೆ ಬರೆಯುವುದೂ ಅದನ್ನೇ.

ಆದರೆ ನನ್ನ ನಿಜವಾದ ಅಳುಕು ಜರ್ಮನಿಯದ್ದಲ್ಲ, ನಮ್ಮ ಶಿಕಾರಿಪುರ ತಾಲ್ಲೂಕಿನದು. 1942ರಲ್ಲಿ ಈಸೂರಿನವರು ವೀರಭದ್ರ ದೇವಸ್ಥಾನದ ಮೇಲೆ ತ್ರಿವರ್ಣ ಬಾವುಟ ಹಾರಿಸಿ, ನಮ್ಮೂರು ಸ್ವತಂತ್ರ ಅಂದರು. ಮುಂದೆ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ (ಈಗಿನ ತಹಶೀಲ್ದಾರರ ಹಾಗೆ) ಪೊಲೀಸ್ ಅಧಿಕಾರಿಯೂ ಸತ್ತರು, 1943ರಲ್ಲಿ ಊರಿನ ಐವರಿಗೆ ಗಲ್ಲಾಯಿತು. ಗಲ್ಲು ಕೊಲೆಯ ಆರೋಪಕ್ಕೆ, ಬಾವುಟಕ್ಕಲ್ಲ, ಒಪ್ಪುತ್ತೇನೆ. ಆದರೆ ಆಗಿನ ಸರ್ಕಾರದ ಕಣ್ಣಿಗೆ ಆ ಬಾವುಟಕ್ಕಿಂತ ಕೆಟ್ಟ ಚಿಹ್ನೆ ಇರಲಿಲ್ಲ. 1938ರಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದದ್ದೇ ಬಾವುಟ ಹಾರಿಸಬೇಡಿ ಎಂದು ಮೈಸೂರು ಸರ್ಕಾರ ತಡೆದದ್ದಕ್ಕೆ. ನಿಷೇಧದ ಪಟ್ಟಿ ಬರೆಯುವವರು ಕುರ್ಚಿಯಲ್ಲಿ ಕೂತವರು, ಮೇಷ್ಟ್ರೇ. ನೀವೂ ಅಲ್ಲ, ನಾನೂ ಅಲ್ಲ.

ಹಾಗಂತ ಎಲ್ಲವೂ ನಡೆಯಲಿ ಅನ್ನುತ್ತಿಲ್ಲ. ಅದೇ ಚಿಹ್ನೆಯನ್ನು ಒಬ್ಬರ ಮನೆ ಬಾಗಿಲಿಗೆ ಬಳಿದು ಬಂದರೆ ಅದು ಬೆದರಿಕೆ. ಜನರ ನಡುವೆ ದ್ವೇಷ ಹಚ್ಚುವವರಿಗೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಇದ್ದೇ ಇದೆ. ಅದರಲ್ಲಿ ಚಿಹ್ನೆಯ ಮಾತೂ ಬರುತ್ತದೆ. ಹೊಸ ಕಾನೂನು ಯಾಕೆ?

ಇನ್ನು ಫ್ಲೆಕ್ಸ್. 2022ರ ಆಗಸ್ಟ್ 15ರಂದು ಶಿವಮೊಗ್ಗದ ಅಮೀರ್ ಅಹ್ಮದ್ ವೃತ್ತದಲ್ಲಿ ಸಾವರ್ಕರ್ ಫ್ಲೆಕ್ಸಿನ ಜಗಳ ನಿಷೇಧಾಜ್ಞೆವರೆಗೆ ಹೋಯಿತು. ನನ್ನ ಪ್ರಕಾರ ಅದು ಚಿತ್ರಕ್ಕಿಂತ ಜಾಗದ ಜಗಳ. ನಿಮ್ಮ ಮನೆ ಗೋಡೆ ನಿಮ್ಮದು, ವೃತ್ತ ಯಾರಪ್ಪನದ್ದೂ ಅಲ್ಲ. ಸಾರ್ವಜನಿಕ ಜಾಗ ಅಂದಗೆಡಿಸುವುದರ ವಿರುದ್ಧ ರಾಜ್ಯದಲ್ಲಿ 1981ರಿಂದಲೂ ಕಾಯ್ದೆ ಇದೆ. ಅನುಮತಿ ಇಲ್ಲದ್ದನ್ನು ಇಳಿಸಲಿ. ಗಣಪತಿ ಹಬ್ಬದ್ದಾಗಲಿ, ಈದ್ ಮೆರವಣಿಗೆಯದ್ದಾಗಲಿ, ಎಲ್ಲರಿಗೂ ಒಂದೇ ಅಳತೆ. ಶುರು ಮಾಡುವುದಾದರೆ ನಾಯಕರ ಹುಟ್ಟುಹಬ್ಬದ ಫ್ಲೆಕ್ಸಿನಿಂದಲೇ ಮಾಡಲಿ.