ಸ್ವರ ಸರಿಯಾಯಿತು, ತಂಗಿಯ ದನಿ ಎಲ್ಲಿ ಹೋಯಿತು?

ಪ್ರಶ್ನೆ: ನನ್ನ ತಂಗಿ ತಂಬೂರಿಯ ಶ್ರುತಿಗೆ ಹಾಡಿದ ಭಾವಗೀತೆಯೊಂದನ್ನು ಮನೆಯ ಕೋಣೆಯಲ್ಲೇ ಧ್ವನಿಮುದ್ರಿಸಿದೆ. ತಬಲಾ ಮತ್ತು ಕೊಳಲನ್ನು ಆಮೇಲೆ ಸೇರಿಸಿದೆವು. ಮಿಕ್ಸಿಂಗ್ ಮಾಡುವಾಗ ಸ್ವರ, ಲಯ, ಹಿನ್ನೆಲೆಯ ಸದ್ದು ಎಲ್ಲವನ್ನೂ ಕಂಪ್ಯೂಟರ್ ಸೂಚಿಸಿದಂತೆ ತಿದ್ದಿದೆ. ಈಗ ಹಾಡು ಚೊಕ್ಕಟವಾಗಿದೆ, ಆದರೆ ಅವಳು ಹಾಡಿದಂತೆ ಅನ್ನಿಸುತ್ತಿಲ್ಲ. ಯಾವುದನ್ನು ಯಂತ್ರಕ್ಕೆ ಬಿಡಬೇಕು, ಯಾವುದನ್ನು ಕೈಯಿಂದ ಮಾಡಬೇಕು?
– ಓದುಗರು, ಹಾಸನ

ಉತ್ತರ: ನಿಮ್ಮ ಕಿವಿಯನ್ನು ನಂಬಿ. ಮೊದಲು ಸ್ವರ ತಿದ್ದುವ ಉಪಕರಣವನ್ನು ನಿಲ್ಲಿಸಿ, ತಂಬೂರಿ ಮತ್ತು ಮೂಲ ಗಾಯನ ಇವೆರಡನ್ನೇ ಕೇಳಿ. ಇಂಥ ಹಾಡುಗಳಲ್ಲಿ ಹಾನಿಯ ಬಹುಪಾಲು ಅಲ್ಲಿಯೇ ಆಗಿರುವುದನ್ನು ನಾನು ಕಂಡಿದ್ದೇನೆ. 1997ರಲ್ಲಿ ಆಟೋ-ಟ್ಯೂನ್ ಬಂದ ಮೇಲೆ ಬಳಕೆಗೆ ಬಂದ ಈ ಬಗೆಯ ಉಪಕರಣಗಳು ಸಾಮಾನ್ಯವಾಗಿ ಒಂದು ಸ್ಥಾಯಿಯನ್ನು, ಅಂದರೆ 'ಸ'ದಿಂದ ಮೇಲಿನ 'ಸ'ದವರೆಗಿನ ಅಂತರವನ್ನು, 12 ಸಮಭಾಗ ಮಾಡಿ, ಒಂದೊಂದು ಭಾಗಕ್ಕೂ 100 ಸೆಂಟ್ ಎಂದು ಲೆಕ್ಕ ಹಿಡಿಯುತ್ತವೆ. ಆ ಲೆಕ್ಕದಲ್ಲಿ ಅಂತರ ಗಾಂಧಾರವು ('ಗ'ದ ಎತ್ತರದ ರೂಪ) ಷಡ್ಜದಿಂದ, ಅಂದರೆ 'ಸ'ದಿಂದ, 400 ಸೆಂಟ್ ಮೇಲಿರಬೇಕು. ಆದರೆ ಚೆನ್ನಾಗಿ ಶ್ರುತಿ ಸೇರಿದ ತಂಬೂರಿಯ ಷಡ್ಜದ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರ ಸುಮಾರು 386 ಸೆಂಟ್‌ನಲ್ಲಿರುತ್ತದೆ. ತಂಬೂರಿಗೆ ಕಿವಿಗೊಟ್ಟು ಹಾಡುವವರು ಆ ಗಾಂಧಾರದಲ್ಲೇ ನಿಲ್ಲುವುದು ಸಹಜ. ಅದು ತೆರೆಯ ಮೇಲೆ 14 ಸೆಂಟ್ ಇಳಿದ ತಪ್ಪಾಗಿ ಕಾಣುತ್ತದೆ. ಅದನ್ನು ನೀವು ತಿದ್ದಿದ್ದರೆ, ಶ್ರುತಿಯಲ್ಲಿ ಲೀನವಾಗಿದ್ದ ದನಿಯನ್ನು ಅದರಿಂದ ಹೊರಗೆ ಎಳೆದಂತಾಯಿತು. ಗಮಕದ ಪಾಡು ಇನ್ನೂ ಕಷ್ಟದ್ದು, ಏಕೆಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿಯನ್ನು ಯಂತ್ರ ಮೆಟ್ಟಿಲುಗಳಂತೆ ಕತ್ತರಿಸಿಬಿಡುತ್ತದೆ. ದೀರ್ಘವಾಗಿ ನಿಂತ ಸ್ವರವೊಂದು ತಂಬೂರಿಯೊಡನೆ ನಿಜವಾಗಿಯೂ ಕೂಡದಿದ್ದರೆ ಆ ಸಾಲನ್ನು ತಂಗಿಯಿಂದ ಮತ್ತೊಮ್ಮೆ ಹಾಡಿಸಿ. ಅದು ಆಗದಿದ್ದರೆ ಮಾತ್ರ ಆ ಒಂದು ಸ್ವರವನ್ನು ಕಿವಿಯ ಅಂದಾಜಿನಲ್ಲಿ, ಕೈಯಿಂದ ಸರಿಸಿ.

ತಬಲಾದ ಪೆಟ್ಟುಗಳನ್ನು ಗ್ರಿಡ್‌ಗೆ, ಅಂದರೆ ತೆರೆಯ ಮೇಲಿನ ಸಮಾನ ಅಂತರದ ಕಾಲದ ಗೆರೆಗಳಿಗೆ, ಕೂರಿಸಿದ್ದರೆ ಅದನ್ನೂ ಹಿಂತೆಗೆದುಕೊಳ್ಳಿ. ಕ್ಲಿಕ್ (ಲಯ ತೋರಿಸುವ ಯಂತ್ರದ ಟಿಕ್‌ಟಿಕ್ ಸದ್ದು) ಇಲ್ಲದೆ ಹಾಡಿದ ಗೀತೆಗೆ ಗಾಯಕಿಯ ಉಸಿರೇ ಲಯದ ಅಳತೆ, ತಬಲಾದವರು ನುಡಿಸಿರುವುದೂ ಅದನ್ನೇ ಕೇಳಿಕೊಂಡು.

ಯಂತ್ರಕ್ಕೆ ಧಾರಾಳವಾಗಿ ಬಿಡಬಹುದಾದ ಕೆಲಸಗಳೂ ಇವೆ. ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆ, ಫ್ಯಾನಿನ ಮೊರೆತ, ಎಲ್ಲಿ ಸದ್ದು ಮಿತಿ ಮೀರಿ ಒಡೆದಿದೆ ಎಂದು ಹುಡುಕುವುದು ಇವೆಲ್ಲ ಅಳತೆಯ ಕೆಲಸಗಳು. ಆದರೂ ಒಂದು ಎಚ್ಚರಿಕೆ ಬೇಕು. ಕನ್ನಡದ ಹಕಾರವೂ ಮಹಾಪ್ರಾಣಗಳೂ ಉಸಿರಿನಿಂದಲೇ ಆದವು. ಉಸಿರಿನ ಸದ್ದು ಫ್ಯಾನಿನ ಸದ್ದಿಗೆ ಹತ್ತಿರವಾದದ್ದರಿಂದ, ಹೆಚ್ಚು ಅಳಿಸಿದರೆ 'ಭಾವ' ಹೋಗಿ 'ಬಾವ'ದಂತೆ ಕೇಳಿಸೀತು. ತೆಗೆದುಹಾಕಿದ ಸದ್ದನ್ನಷ್ಟೇ ಕೇಳಿಸುವ ಸೌಲಭ್ಯ ಆಡಾಸಿಟಿ ಮುಂತಾದ ಧ್ವನಿ ತಿದ್ದುವ ತಂತ್ರಾಂಶಗಳಲ್ಲಿದೆ. ಅದರಲ್ಲಿ ಅಕ್ಷರಗಳು ಕೇಳಿಬಂದರೆ ಪ್ರಮಾಣವನ್ನು ಇಳಿಸಿ.

ನಾನು ಅತ್ಯಂತ ಪ್ರೀತಿಯಿಂದ ಕೈಯಲ್ಲೇ ಮಾಡುವ ಕೆಲಸವೆಂದರೆ ದನಿಯ ಏರಿಳಿತವನ್ನು ಹದಗೊಳಿಸುವುದು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಹೆಚ್ಚಾಗಿ ವಾಕ್ಯದ ಕೊನೆಗೆ ಬರುತ್ತದೆ. ಹಾಡುವವರ ಉಸಿರು ಕುಗ್ಗುವುದೂ ಸಾಲಿನ ಕೊನೆಯಲ್ಲೇ. ಹೀಗಾಗಿ 'ಬಂದೆಯಾ' ಎಂದರೋ 'ಬಾರೆಯಾ' ಎಂದರೋ ಎನ್ನುವುದು, ಅಂದರೆ ಅರ್ಥದ ತಿರುಳೇ, ತಬಲಾದಡಿ ಮುಚ್ಚಿಹೋಗುತ್ತದೆ. ಜೋರಾದ ಭಾಗಗಳನ್ನು ತಾನಾಗಿ ತಗ್ಗಿಸುವ ಕಂಪ್ರೆಸರ್ ಎಂಬ ಉಪಕರಣ ದನಿಯ ಮಟ್ಟವನ್ನು ಮಾತ್ರ ನೋಡುತ್ತದೆ, ಮಾತನ್ನು ಅರಿಯದು. ಆದ್ದರಿಂದ ಅದರಿಂದ 3:1 ಅನುಪಾತದಲ್ಲಿ ಮೂರು ನಾಲ್ಕು ಡೆಸಿಬಲ್ ಮಾತ್ರ ತಗ್ಗಿಸಿಕೊಂಡು, ಹಾಡಿನ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು, ಸಾಲುಸಾಲಿಗೂ ಕೊನೆಯ ಪದವನ್ನು ಒಂದೆರಡು ಡೆಸಿಬಲ್ ಎತ್ತುತ್ತ ಹೋಗಿ. ನಾಲ್ಕು ನಿಮಿಷದ ಹಾಡಿಗೆ ಒಂದು ಸಂಜೆ ಹಿಡಿದೀತು. ಸಾಲುಗಳ ನಡುವಿನ ಉಸಿರನ್ನು ಮಾತ್ರ ಅಳಿಸಬೇಡಿ; ಬಹಳ ದೊಡ್ಡದಾಗಿದ್ದರೆ ಸ್ವಲ್ಪ ತಗ್ಗಿಸಿದರೆ ಸಾಕು.

ಕೊನೆಯ ಗಟ್ಟಿತನಕ್ಕೆ ಮೀಟರನ್ನು ನೋಡಿದರಾಯಿತು. ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಕಿವಿಗೆ ಕೇಳುವ ಗಟ್ಟಿತನದ ಮಾಪನ) ಜೋರಾದ ಹಾಡನ್ನು ತಾನೇ ತಗ್ಗಿಸುವುದರಿಂದ ಅದಕ್ಕಿಂತ ಮೇಲೆ ತಳ್ಳಿ ಪ್ರಯೋಜನವಿಲ್ಲ. ಹಳೆಯ ಮಿಕ್ಸ್ ಮತ್ತು ಹೊಸದನ್ನು ಹೋಲಿಸುವಾಗ ಎರಡರ ಗಟ್ಟಿತನವನ್ನು ಒಂದೇ ಮಟ್ಟಕ್ಕೆ ತನ್ನಿ, ಏಕೆಂದರೆ ಜೋರಾಗಿರುವುದೇ ಉತ್ತಮವೆಂದು ಕಿವಿ ಸುಲಭವಾಗಿ ಒಪ್ಪಿಬಿಡುತ್ತದೆ. ಆ ಹೋಲಿಕೆಯನ್ನು ಮರುದಿನ ಬೆಳಿಗ್ಗೆ, ತೆರೆಯನ್ನು ಆರಿಸಿ, ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.